ಚಾಂದಮಾರಿಯ ಮಗ್ಗುಲ ಮನೆ

ನಮ್ಮದು ಮಣ್ಣಿನ ಮಾಳಿಗೆಯ ಮನೆ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿಕಟ್ಟಿಗೆ ಹಾಸಿ, ಅದರ ಮೇಲೆ ಸವಳುಮಣ್ಣು ಬಡಿದು ಗಟ್ಟಿ ಮಾಡಿದ್ದು. ಹಟ್ಟಿಯ ಉಳಿದ ಮಾಳಿಗೆಗಳು ಮಳೆಗಾಲಕ್ಕೆ ಸೋರುತ್ತಿದ್ದವು. ನಮ್ಮದು ಬಿರುಬಿಸಿಲಿನಲ್ಲೂ ಉದುರುತ್ತಿತ್ತು. ಫೌಜಿನವರು ಬಂದು ತೋಪು ಹಾರಿಸಿದರೆ ಸಾಕು, ಜಂತಿಯ ಸಂದಿನಿಂದ ಸಣ್ಣಗೆ ಮಣ್ಣು ಇಳಿದು ಹಿಟ್ಟಿನ ಪರಾತಕ್ಕೆ, ಮಜ್ಜಿಗೆಯ ಗಡಿಗೆಗೆ, ಮಲಗಿದವರ ಕಣ್ಣಿಗೆ ಬೀಳುತ್ತಿತ್ತು. ಅಂಥ ದಿನ ಅವ್ವ ಹಿಟ್ಟು ನಾದುವ ಜಾಗದ ಮೇಲೆ ಹಳೆಯ ಸೀರೆಯೊಂದನ್ನು ಚಪ್ಪರದ ಹಾಗೆ ಬಿಗಿದು, ಅದರ ಕೆಳಗೆ ತಲೆ ಬಗ್ಗಿಸಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಂದೊಂದು ತೋಪಿಗೂ ಸೀರೆಯ ಹೊಟ್ಟೆ ಮಣ್ಣಿನಿಂದ ಇನ್ನಷ್ಟು ಕೆಳಗೆ ಜೋತು ಬೀಳುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಆ ದಿನಗಳಿಗೆ ಮಣ್ಣು ಉದುರೋ ದಿನ ಅಂತಲೇ ಹೆಸರಿಟ್ಟಿದ್ದಳು. ದೀಪಾವಳಿ ಆದ ಮ್ಯಾಲ, ಮಣ್ಣು ಉದುರೋ ದಿನಕ್ಕಿಂತ ಮೊದಲ, ಎಂದು ಅವಳು ಲೆಕ್ಕ ಹೇಳುತ್ತಿದ್ದಳು.

ಶಹಾಪುರದಿಂದ ದೋರನಹಳ್ಳಿಗೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ ಹತ್ತು ಹನ್ನೆರಡು ಕುರುಬರ ಮನೆಗಳ ಹಟ್ಟಿ. ನಮ್ಮದು ಕಡೆಯ ಮನೆ. ಅದರ ಆಚೆ ಬರೀ ಬಂಡೆ, ಜಾಲಿ, ಕುರಿ ಮೇಯುವಷ್ಟು ಹುಲ್ಲು ಇರುವ ಬೀಳು. ಆ ಬೀಳಿನಲ್ಲೇ ನಿಜಾಮರ ಕಾಲದ ಫೌಜು ಗುಂಡು ಹೊಡೆಯೋದು ಕಲಿಯುತ್ತಿದ್ದುದರಿಂದ ಎಲ್ಲರೂ ಅದಕ್ಕೆ ಚಾಂದಮಾರಿ ಅನ್ನುತ್ತಿದ್ದರು. ನಮ್ಮ ಅಂಗಳದಲ್ಲಿ ನಿಂತರೆ ಬಲಕ್ಕೆ ಒಂದು ಬೋಳು ಗುಡ್ಡ ಕಾಣುತ್ತಿತ್ತು, ಗುಡ್ಡದ ನೆತ್ತಿಯ ಮೇಲೊಂದು ಉದ್ದನೆಯ ಕಂಬ. ಅಪ್ಪ ಕುರಿ ಕಾಯುವವನೂ ಹೌದು, ಆ ಕಂಬಕ್ಕೆ ಕೆಂಪು ಝಂಡಾ ಏರಿಸುವವನೂ ಹೌದು. ಫೌಜು ಬಂದ ದಿನ ಅವನು ಝಂಡಾ ಏರಿಸಬೇಕು, ಬೀಳಿನಲ್ಲೆಲ್ಲ ಒಂದು ಸುತ್ತು ಕೂಗುತ್ತ ಹೋಗಿ ಕುರಿಯವರನ್ನೂ ಕಟ್ಟಿಗೆಯವರನ್ನೂ ಹೊರಗೆ ಹಾಕಬೇಕು, ತಿರುಗಿ ಗುಡ್ಡ ಹತ್ತಿ ಫೌಜಿನ ಜಮಾದಾರರಿಗೆ ಮೈದಾನ ಖಾಲಿ ಎಂದು ಹೇಳಬೇಕು. ಆಮೇಲೆ ಗುಡ್ಡದ ಆ ಮಗ್ಗುಲಿನಿಂದ ತೋಪು ಹಾರುತ್ತಿತ್ತು. ಝಂಡಾ ಮೇಲಿದ್ದಷ್ಟು ಹೊತ್ತು ಗುಂಡು. ಝಂಡಾ ಕೆಳಗಿಳಿದರೆ ಆ ಗಳಿಗೆಗೇ ನಿಲ್ಲಬೇಕು. ಇಷ್ಟೇ ಕಾಯಿದೆ. ನಾವು ಮಕ್ಕಳು ಹೆಸರು ಕಲಿಯುವ ಮೊದಲೇ ಇದನ್ನು ಕಲಿತಿದ್ದೆವು.

ಆ ಝಂಡಾ ನಮ್ಮ ಪಡಸಾಲೆಯಲ್ಲಿ, ದೇವರ ಮಾಡದ ಪಕ್ಕದ ಗೂಟಕ್ಕೆ ತೂಗುತ್ತಿತ್ತು. ಅಪ್ಪ ಅದನ್ನು ಹೊರಗೆ ಒಯ್ಯುವ ಮುಂಚೆ ಆಯಿ ಚಿಟಿಕೆ ಭಂಡಾರ, ದೇವರ ಅರಿಸಿನಪುಡಿ, ಹಚ್ಚುತ್ತಿದ್ದಳು. ಒಂದು ಸಲ ಅವ್ವ ಅದು ಹೊಲಸಾಗಿದೆ ಎಂದು ಒಗೆದು ಅಂಗಳದ ಗೋಡೆಯ ಮೇಲೆ ಹರವಿದಳು. ದೂರದಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಆಚೆ ಹಟ್ಟಿಯವರು ಅದನ್ನು ಕಂಡು ಇಡೀ ಹಿಂಡು ತಿರುಗಿಸಿಕೊಂಡು ಹೋದರು. ಹಟ್ಟಿಗೆ ಹಟ್ಟಿಯೇ ನಕ್ಕಿತು. ಅಪ್ಪ ನಗಲಿಲ್ಲ. ಒದ್ದೆ ಝಂಡಾ ಒಳಗೆ ತಂದು ಅವ್ವನ ಮುಂದೆ ಎಸೆದು ಎರಡು ದಿನ ಅವಳ ಕೂಡ ಮಾತಾಡಲಿಲ್ಲ. ಹಟ್ಟಿಯಲ್ಲಿ ಉಳಿದವರಿಗೆಲ್ಲ ಕುರಿ ಮಾತ್ರ ಇದ್ದವು, ಅಪ್ಪನಿಗೆ ಝಂಡಾ ಇತ್ತು. ಜಮಾದಾರ ಸಾಬರು ಬಂದರೆ ನಮ್ಮ ಪಡಸಾಲೆಗೇ ಬಂದು ಕೂಡುತ್ತಿದ್ದರು, ನಮ್ಮ ಮನೆಯ ಮಜ್ಜಿಗೆಯನ್ನೇ ಕುಡಿಯುತ್ತಿದ್ದರು. ಆ ಮರ್ಯಾದೆಯ ಮೇಲೆ ಅಪ್ಪನಿಗೆ ಬಹಳ ಜೀವ.

ನನಗೆ ಒಂಬತ್ತೋ ಹತ್ತೋ ಇದ್ದಾಗ ಗಾಡಿ ಬಂತು. ಅದು ಲೋಖಂಡದ, ಅಂದರೆ ಕಬ್ಬಿಣದ, ಗಾಡಿ. ಯಾವುದೋ ಲಡಾಯಿಯಲ್ಲಿ ಓಡಾಡಿ ಮುದಿಯಾಗಿ, ಇನ್ನು ಗುಂಡಿನ ನಿಶಾನಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಾರದು ಎಂದು ಕಳಿಸಿದ್ದು. ಯಾದಗಿರಿಯ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಸಿ, ಭೀಮಾ ಹೊಳೆ ಬತ್ತಿದ ದಿನಗಳಲ್ಲಿ ಎಂಟು ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ಮೋಟಾರಿನ ಆಕಾರವೇ, ಆದರೆ ಮೈಯೆಲ್ಲ ಬೆರಳು ದಪ್ಪದ ತಗಡು. ಕಿಟಕಿ ಇರುವಲ್ಲಿ ಕಣ್ಣಿಗೆ ಸಾಲುವಷ್ಟು ಸೀಳು. ನೆತ್ತಿಯ ಮೇಲೆ ಗಡಿಗೆ ಬೋರಲು ಹಾಕಿದಂಥ ಗುಂಡನೆಯ ಮನೆ, ಅದರೊಳಗಿನ ತುಪಾಕಿ ಕಿತ್ತುಕೊಂಡಿದ್ದರಿಂದ ಬರಿಯ ತೂತು. ಹಳ್ಳ ದಾಟಿ ಬೀಳಿನ ನಡುವೆ ಅದನ್ನು ನಿಲ್ಲಿಸಿ ಎತ್ತು ಬಿಚ್ಚಿಕೊಂಡು ಹೋದರು. ಫೌಜು ಬಂದಾಗ ಅದರ ಮೇಲೆ ಗುಂಡು, ಫೌಜು ಹೋದಾಗ ಅದರ ನೆರಳಿಗೆ ನಮ್ಮ ಕುರಿ. ನಾನು ಒಳಗೆ ಹೊಕ್ಕು ನೋಡಿದ್ದೇನೆ. ಎಣ್ಣೆಯ ವಾಸನೆ, ಒಲೆಯೊಳಗೆ ಕೂತಂಥ ಕಾವು. ಗುಂಡು ಹೊಕ್ಕ ತೂತುಗಳಿಂದ ಬಿಸಿಲು ದುಂಡು ದುಂಡಾಗಿ ಕೈಮೇಲೆ ಬೀಳುತ್ತಿತ್ತು. ಅಪ್ಪನಿಗೆ ಗೊತ್ತಾಗಿ ಬೆನ್ನ ಮೇಲೆ ನಾಲ್ಕು ಬಾರಿಸಿದ. ಆವತ್ತೇ ಮನೆಯವರನ್ನೆಲ್ಲ ದೇವರ ಮಾಡದ ಮುಂದೆ ನಿಲ್ಲಿಸಿ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ.

"ಆ ಗಾಡಿಯ ಒಂದು ಮೊಳೀನೂ ಈ ಮನ್ಯಾಗ ಬರಬಾರದು. ಸರಕಾರದ ಲೋಖಂಡ ಅದು. ಝಂಡಾ ಹಿಡಿಯೋನ ಮನ್ಯಾಗ ಕಳವಿನ ಮಾಲು ಸಿಕ್ತಂದ್ರ ನಾ ಮಾರಿ ಎಲ್ಲಿ ಇಡ್ಲಿ?"

ಎಲ್ಲರೂ ಮುಟ್ಟಿದೆವು. ಆಯಿ, ಅವ್ವ, ನಾನು, ಕಾಕಾ, ಕಾಕಿ. ಕಾಕಾ ಅಂದರೆ ಅಪ್ಪನ ಒಬ್ಬನೇ ತಮ್ಮ ಮಾಳಪ್ಪ. ಅಪ್ಪನಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಅವ್ವನ ಕೈತುತ್ತು ತಿಂದು ಬೆಳೆದವನು. ಉಣ್ಣೆ ಕತ್ತರಿಸುವಾಗ, ಕುರಿಗೆ ನೀರು ಕುಡಿಸುವಾಗ, ಉಂಡು ಕೈ ತೊಳೆಯುವಾಗಲೂ ಹಾಡುತ್ತಲೇ ಇರುವವನು. ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ಬೋನಾಳದ ಕೆರೆಯ ಕಡೆ ಹೋದಾಗ ಅವನ ದನಿ ಕೇಳಿಯೇ ರಂಗಂಪೇಟೆಯವರು ಮಗಳು ಕೊಟ್ಟರು ಎಂದು ಆಯಿ ಹೇಳುತ್ತಿದ್ದಳು. ಕಾಕಿ ನಮ್ಮ ಮನೆಗೆ ಬಂದು ಆಗ ಆರು ತಿಂಗಳೂ ಆಗಿರಲಿಲ್ಲ. ಅವನು ಹಾಡುವಾಗ ಅವಳು ಬೀಸುವ ಕಲ್ಲು ನಿಲ್ಲಿಸಿ ಕೇಳುತ್ತಿದ್ದಳು. ಆಯಿ ಕೆಮ್ಮಿದರೆ ತಿರುಗಿ ಬೀಸುತ್ತಿದ್ದಳು.

ಜಗಳ ಹುಟ್ಟಿದ್ದು ರೊಟ್ಟಿಯ ಹಂಚಿನಿಂದ. ಅವ್ವ ತವರಿನಿಂದ ತಂದ ಲೋಖಂಡದ ಹಂಚು ನಡುವೆ ಸೀಳಿತು. ದೊಡ್ಡ ಲಡಾಯಿ ನಡೆದಿದ್ದ ಕಾಲ. ಶಹಾಪುರದ ಕಮ್ಮಾರ, ನೇಗಿಲ ಕುಳಕ್ಕೇ ಲೋಖಂಡ ಸಿಗವಲ್ದು, ಹಂಚಿಗೆ ಎಲ್ಲಿಂದ ತರ್ಲಿ, ಎಂದು ಕೈಯಾಡಿಸಿದ. ಅವ್ವ ಮಣ್ಣಿನ ಹಂಚು ಇಟ್ಟಳು. ಮಣ್ಣಿನ ಹಂಚಿಗೆ ಉರಿ ಹೆಚ್ಚಾದರೆ ಬಿರುಕು, ಕಡಿಮೆಯಾದರೆ ರೊಟ್ಟಿ ಹಸಿ. ಆರು ಜನರ ಜೋಳದ ರೊಟ್ಟಿ, ಎಂಟು ತಿಂಗಳ ಬಸುರಿಯ ಹೊಟ್ಟೆ ಹೊತ್ತುಕೊಂಡು, ಬೆಳಿಗ್ಗೆಯ ಅರ್ಧ ಹೊತ್ತು ಅವಳು ಆ ಒಲೆಯ ಮುಂದೆಯೇ ಕಳೆಯುತ್ತಿದ್ದಳು. ಮೂರನೆಯ ಹಂಚು ಒಡೆದ ದಿನ ಅಪ್ಪ ಊಟಕ್ಕೆ ಕೂತ. ಪುಂಡಿಪಲ್ಲೆ ಹಚ್ಚಿ ರೊಟ್ಟಿ ಮುರಿದರೆ ಒಳಗೆ ಹಿಟ್ಟು ಹಿಟ್ಟು. ತಾಟನ್ನು ಕಾಲಿನಿಂದ ನೂಕಿದ.

"ಇದನ್ನ ನಾಯಿ ತಿಂತದೇನು? ಹನ್ನೆರಡು ವರ್ಷ ಆತು ಒಲಿ ಮುಂದ ಕುಂತು, ಇನ್ನಾ ರೊಟ್ಟಿ ಸುಡಾಕ ಬರವಲ್ದು."

ಕಾಕಿಯ ಎದುರು, ಹೊಸದಾಗಿ ಬಂದ ಹುಡುಗಿಯ ಎದುರು ಹಾಗೆ ಅನ್ನಿಸಿಕೊಂಡದ್ದು ಅವ್ವನಿಗೆ ತಾಗಿತ್ತು. ತಾಟು ಎತ್ತಿಕೊಂಡು ಒಳಗೆ ಹೋದಳು. ಮರುದಿನ ಹೊತ್ತು ಮೂಡುವ ಮುಂಚೆ ನಾನು ಎದ್ದು ಒಲೆಯ ಮಗ್ಗುಲಲ್ಲಿ ಕಂಬಳಿ ಹೊದ್ದು ಕೂತಿದ್ದೆ. ಕಾಕಾ ಬೆಂಕಿ ಕಾಯಿಸಿಕೊಳ್ಳುವವನ ಹಾಗೆ ಬಂದು ಅವ್ವನ ಎದುರು ಕೂತ. ಅತ್ತಿಗೆಗೆ ಅವನು ವೈನಿ ಅನ್ನುತ್ತಿದ್ದ. ಅವರಿಬ್ಬರ ದನಿ ಸಣ್ಣಗಿತ್ತು.

"ಗಾಡಿಯೊಳಗ ಕಾಲಿಡೋ ಜಾಗದಾಗ ಒಂದು ತಗಡು ಅದ, ವೈನಿ. ಸಪಾಟ ಅದ. ಎರಡು ಬೋಲ್ಟು ಬಿಚ್ಚಿದ್ರ ಬರ್ತದ."

"ಭಂಡಾರ ಮುಟ್ಟೀವಲ್ಲೋ, ಮಾಳಪ್ಪ."

"ದೇವರಿಗೆ ನಾ ಹೇಳ್ಕೋತೀನಿ. ನೀ ದಿನಾ ಈ ಹೊಗಿಯಾಗ ಕುಂತು ಬೈಸ್ಕೊಳ್ಳೋದು ನನಗ ನೋಡಾಕ ಆಗವಲ್ದು."

"ನಿಮ್ಮಣ್ಣಗ ಗೊತ್ತಾದ್ರ?"

"ಹಂಚಾದ ಮ್ಯಾಲ ಹಂಚು. ಅದರ ಮೈಮ್ಯಾಲ ಗಾಡಿ ಅಂತ ಬರದಿರ್ತದೇನು?"

ಅವ್ವ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. ಫೌಜು ನಾಡಿದ್ದು ಬರುತ್ತದೆ ಎಂದು ಅಪ್ಪ ಹೇಳಿದ್ದ. ಹಂಗಾದ್ರ ಇವತ್ತೇ ಹೋಗಿ ತಂದುಬಿಡು, ಬಿಸಿಲೇರೂದರಾಗ ಬಾ, ಅಂದಳು ಅವ್ವ. ಕಾಕಾ ಹಾರೆ, ಸುತ್ತಿಗೆ ಕಂಬಳಿಯಲ್ಲಿ ಸುತ್ತಿಕೊಂಡು ಹಿತ್ತಲಿನಿಂದ ಹೊರಟ. ಅವ್ವ ನನ್ನ ಕಡೆ ತಿರುಗಿ, ನಿಮ್ಮಪ್ಪಗ ಹೇಳಬ್ಯಾಡ, ಎಂದಳು. ನಾನು ತಲೆಯಾಡಿಸಿದೆ. ನನ್ನನ್ನೂ ಗುಟ್ಟಿನೊಳಗೆ ಸೇರಿಸಿಕೊಂಡರಲ್ಲ ಎಂದು ಹಿಗ್ಗೂ ಆಯಿತು.

ಹೊತ್ತು ಮೊಳದುದ್ದ ಏರಿರಬೇಕು. ಅಂಗಳದಲ್ಲಿ ಕುದುರೆಯ ಸಪ್ಪಳವಾಯಿತು. ಜಮಾದಾರ ಸಾಬರು. ಬಿಳಿ ಗಡ್ಡದ, ಸಾವಕಾಶ ಮಾತಿನ ಮನುಷ್ಯ. ನಮ್ಮ ಕಡೆಯವರೇ ಆದ್ದರಿಂದ ನಮ್ಮ ಮಾತೇ ಆಡುತ್ತಿದ್ದರು. ಪಡಸಾಲೆಯಲ್ಲಿ ಕೂತವರೇ, ಫೌಜು ನಿನ್ನೆ ಸಂಜಿಗೇ ಬಂದದ, ತೋಪು ಇವತ್ತೇ ಹಾರಿಸಬೇಕಂತ, ಲಗೂ ನಡಿ ಬೀರಪ್ಪ, ಎಂದು ಅಪ್ಪನಿಗೆ ಹೇಳಿದರು. ನಾನು ಅವ್ವನ ಮುಖ ನೋಡಿದೆ. ಅವಳ ಎರಡೂ ಕೈ ಹಿಟ್ಟಿನಲ್ಲಿದ್ದವು, ನಾದುವುದು ನಿಂತಿತ್ತು. ಆಯಿ ಭಂಡಾರ ತಂದಳು. ಅಪ್ಪ ಗೂಟದಿಂದ ಝಂಡಾ ತೆಗೆದುಕೊಂಡು, ಬಾಗಿಲಲ್ಲಿ ನಿಂತು ಕೇಳಿದ:

"ಮಾಳ್ಯಾ ಎಲ್ಲಿ ಹೋಗ್ಯಾನ? ಇಬ್ಬರು ಹ್ವಾದ್ರ ಲಗೂ ಸುತ್ತು ಹಾಕ್ಬಹುದು."

ಆಗ ಅವ್ವ ಹೇಳಬಹುದಿತ್ತು. ಜಮಾದಾರ ಸಾಬರು ಎರಡು ಮಾರಿನ ದೂರದಲ್ಲಿ ಮಜ್ಜಿಗೆ ಕುಡಿಯುತ್ತಿದ್ದರು.

"ಕುರಿಗೆ ತೊಪ್ಪಲಕ್ಕ ಹೋಗ್ಯಾನ," ಅಂದಳು.

ಅವಳ ಲೆಕ್ಕ ನನಗೆ ಆಮೇಲೆ ತಿಳಿಯಿತು. ಝಂಡಾ ಕಂಡರೆ ಕಾಕಾ ತಾನೇ ಓಡಿ ಬರುತ್ತಾನೆ. ಕಾಣದಿದ್ದರೂ ಅಪ್ಪ ಸುತ್ತು ಹಾಕುವಾಗ ಗಾಡಿಯೊಳಗೆ ಇಣುಕಿ ನೋಡಲೇಬೇಕು, ಅದೂ ಕಾಯಿದೆಯೇ. ಸಿಕ್ಕರೆ ಅಣ್ಣನ ಕೈಯಲ್ಲಿ ಎರಡು ಏಟು ತಿಂದಾನು, ಅಷ್ಟೇ. ಸಾಬರ ಮುಂದೆ ಕಳ್ಳನಾಗುವುದು ಬೇಡ. ಅಪ್ಪ ಹೋದ. ಅವ್ವ ಸೀರೆಯ ಚಪ್ಪರ ಕಟ್ಟಿದಳು, ಬಿಚ್ಚಿದಳು, ತಿರುಗಿ ಕಟ್ಟಿದಳು. ಹತ್ತು ಸಲ ಹಿತ್ತಲಿಗೆ ಹೋಗಿ ಬಂದಳು. ಗುಡ್ಡದ ಮೇಲೆ ಝಂಡಾ ಏರಿತು. ದೂರದಲ್ಲಿ ಅಪ್ಪನ ಕೂಗು ಕೇಳಿತು, ಹಳ್ಳದ ಈಚೆ. ಆಮೇಲೆ ಕೂಗು ತಿರುಗಿ ಗುಡ್ಡದ ಕಡೆಗೇ ಬಂತು. ಹಳ್ಳದ ಆಚೆಯಿಂದ ಒಂದು ಸಲವೂ ಕೇಳಲಿಲ್ಲ.

ಮೊದಲನೆಯ ತೋಪು ಹಾರಿತು. ಜಂತಿಯಿಂದ ಮಣ್ಣು ಇಳಿಯಿತು. ಕಾಕಿ ನೆಲುವಿನ ಗಡಿಗೆಗಳಿಗೆ ಮುಚ್ಚಳ ಮುಚ್ಚುತ್ತ, ಅಕ್ಕಾ, ಇವರು ಎಲ್ಲಿ ತೊಪ್ಪಲಕ್ಕ ಹೋಗ್ಯಾರ, ಎಂದು ಸಹಜವಾಗಿ ಕೇಳಿದಳು. ಎರಡನೆಯದು ಹಾರಿತು. ಅವ್ವ ಗೋಡೆ ಹಿಡಿದುಕೊಂಡು ಎದ್ದು ನಿಂತಳು.

"ಗಾಡ್ಯಾಗ ಅದಾನ," ಅಂದಳು. "ನಾನೇ ಕಳಿಸೀನಿ."

ಕಾಕಿಯ ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು. ಅವಳು ಹಿತ್ತಲ ಬಾಗಿಲ ಕಡೆ ಓಡಿದಳು. ಆಯಿ ಅವಳ ಸೆರಗು ಹಿಡಿದು ಹೊಸ್ತಿಲಲ್ಲೇ ಕೆಡವಿ ಮೇಲೆ ಕೂತಳು. ಇಲ್ಲದಿದ್ದರೆ ಅವಳು ನೇರ ಬೀಳಿಗೇ ಓಡುತ್ತಿದ್ದಳು. ಅವ್ವ ನನ್ನ ರಟ್ಟೆ ಹಿಡಿದಳು.

"ಓಡು ಭೀಮಿ. ನಿಮ್ಮಪ್ಪನ ಕಿವ್ಯಾಗ ಹೇಳು. ಸಾಬರಿಗೆ ಕೇಳಬಾರದು. ಝಂಡಾ ಇಳಸಂತ ಹೇಳು."

ನಾನು ಓಡಿದೆ. ಜಾಲಿಮುಳ್ಳು ಹೊಕ್ಕಿದ್ದು ಗೊತ್ತಾಗಲಿಲ್ಲ. ಅರ್ಧ ದಾರಿಯಲ್ಲಿ ಮೂರನೆಯದು ಹಾರಿತು, ಕಾಲಕೆಳಗಿನ ಬಂಡೆ ನಡುಗಿತು. ಒಂದೊಂದು ತೋಪಿನ ನಡುವೆ ಬಹಳ ಹೊತ್ತು ಬಿಡುತ್ತಿದ್ದರು. ಗುಂಡು ಎಲ್ಲಿ ಬಿತ್ತೆಂದು ನೋಡಿ, ಬರೆದುಕೊಂಡು, ಆಮೇಲೆ ಇನ್ನೊಂದು. ಗುಡ್ಡ ಹತ್ತುವಾಗ ನನಗೆ ಉಸಿರೇ ಇರಲಿಲ್ಲ. ಅಪ್ಪ ಕಂಬದ ಬುಡದಲ್ಲಿ ಕೈಕಟ್ಟಿ ನಿಂತಿದ್ದ, ಸೊಂಟದಲ್ಲಿ ಕುಡಗೋಲು. ಸಾಬರು ಆಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಂಡೆಯ ಮೇಲೆ ನಿಂತು ದುರ್ಬೀನು ಹಿಡಿದಿದ್ದರು. ನಾನು ಅಪ್ಪನ ಧೋತರ ಜಗ್ಗಿ ಬಗ್ಗಿಸಿ ಕಿವಿಯಲ್ಲಿ ಹೇಳಿದೆ:

"ಕಾಕಾ ಗಾಡ್ಯಾಗ ಅದಾನ. ಝಂಡಾ ಇಳಸು."

ಅಪ್ಪ ಬಗ್ಗಿದವನು ಹಾಗೆಯೇ ಇದ್ದ. ಆಮೇಲೆ ನೆಟ್ಟಗೆ ನಿಂತು ಸಾಬರ ಬೆನ್ನು ನೋಡಿದ. ಹಗ್ಗ ನೋಡಿದ. ತಿರುಗಿ ಸಾಬರನ್ನು ನೋಡಿದ. ನಾನು ಹಗ್ಗಕ್ಕೆ ಕೈ ಹಾಕಿದೆ. ಅವನು ನನ್ನ ಕೈ ಹಿಡಿದುಕೊಂಡ.

"ತಡಿ," ಅಂದ.

ಯಾತಕ್ಕೆ ತಡಿ ಅಂದ? ಅವನು ಹಳ್ಳ ದಾಟಿರಲಿಲ್ಲ. ಹೊತ್ತಾಗಿದೆ ಎಂದು ಹಳ್ಳದ ಈಚೆಯೇ ಕೂಗಿ ತಿರುಗಿ ಬಂದು, ಗಾಡಿ ಒಳಗೂ ನೋಡೀನ್ರಿ, ಮೈದಾನ ಖಾಲಿ, ಎಂದು ಸಾಬರಿಗೆ ಹೇಳಿಬಿಟ್ಟಿದ್ದ. ಅದು ನನಗೆ ಆಗ ಗೊತ್ತಿರಲಿಲ್ಲ. ಅವನ ಕೈ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಿತ್ತು ಎಂಬುದಷ್ಟೇ ಗೊತ್ತು. ಹಾಗೆ ಹಿಡಿದುಕೊಂಡು ನಾವು ನಿಂತಿದ್ದೆವು. ನಾಲ್ಕನೆಯದು ಹಾರಿತು. ಈ ಸಲ ಬೀಳಿನ ಕಡೆಯಿಂದ ಬೇರೆ ಸದ್ದು ಬಂತು. ಗುಡಿಯ ದೊಡ್ಡ ಗಂಟೆಗೆ ಕಲ್ಲಿನಿಂದ ಹೊಡೆದ ಹಾಗೆ. ಸಾಬರು ದುರ್ಬೀನು ಹಿಡಿದೇ, ಶಾಬಾಸ್, ಎಂದರು.

ನಾನು ಚೀರಿದೆ.

"ಸಾಬ್ರೇ! ನಮ್ಮ ಕಾಕಾ ಅದರಾಗ ಅದಾನ್ರೀ!"

ಆ ಗಳಿಗೆಗೇ ಅಪ್ಪ ಕುಡಗೋಲಿನಿಂದ ಹಗ್ಗ ಕೊಯ್ದ. ನನ್ನ ಕೂಗು ಮೊದಲೋ ಅವನ ಕುಡಗೋಲು ಮೊದಲೋ, ಇವತ್ತು ಕೇಳಿದರೂ ಹೇಳಲಾರೆ. ಝಂಡಾ ಜರ್ರನೆ ಇಳಿದು ನಮ್ಮಿಬ್ಬರ ಮೇಲೆ ಬಿತ್ತು. ಸಾಬರು ಸೀಟಿ ಊದುತ್ತ ಎರಡೂ ಕೈ ಬೀಸಿದರು. ಅಪ್ಪ ಆಗಲೇ ಗುಡ್ಡ ಇಳಿದು ಓಡುತ್ತಿದ್ದ.

ಗುಂಡು ಗಾಡಿಯ ಹಿಂಬದಿಗೆ, ಇಂಜಿನ್ನು ಇರುವಲ್ಲಿ ಬಿದ್ದಿತ್ತು. ಕಾಕಾ ಮುಂಬದಿಯಲ್ಲಿ, ತಗಡಿನ ಬೋಲ್ಟು ಬಿಚ್ಚುವ ಜಾಗದಲ್ಲಿ ಮುದುಡಿ ಬಿದ್ದಿದ್ದ. ಸುತ್ತಿಗೆ ಬಡಿಯುವ ಸದ್ದಿನಲ್ಲಿ ಅವನಿಗೆ ಅಪ್ಪನ ಕೂಗು ಕೇಳಿಸಿರಲಿಲ್ಲ. ಮೊದಲ ಗುಂಡು ಹತ್ತಿರವೇ ಬಿದ್ದ ಮೇಲೆ ಹೊರಗೆ ಬರಲು ಧೈರ್ಯವಾಗಿರಲಿಲ್ಲ. ಅಪ್ಪ ಅವನನ್ನು ಎಳೆದು ತಂದು ಹುಲ್ಲಿನ ಮೇಲೆ ಕೂಡಿಸಿದ. ಕೈಕಾಲು ನೆಟ್ಟಗಿದ್ದವು. ಎರಡೂ ಕಿವಿಯಿಂದ ರಕ್ತ ಇಳಿದು ಕೊರಳಿಗೆ ಬಂದಿತ್ತು. ಅಪ್ಪ, ಮಾಳ್ಯಾ, ಮಾಳ್ಯಾ, ಎಂದು ಅವನ ಗಲ್ಲ ಹಿಡಿದು ಕೂಗುತ್ತಿದ್ದ. ಕಾಕಾ ಅವನ ತುಟಿಗಳನ್ನೇ ನೋಡುತ್ತ, ಯಾಕಣ್ಣ, ಸಣ್ಣ ದನೀಲೆ ಯಾಕ ಮಾತಾಡ್ತಿ, ಎಂದು ಕೇಳಿದ.

ಸಾಬರು ಗಾಡಿಯ ಒಳಗೆ ತಲೆ ಹಾಕಿ ಹಾರೆ, ಸುತ್ತಿಗೆ, ಅರ್ಧ ಕಿತ್ತ ತಗಡು ಎಲ್ಲ ನೋಡಿದರು. ಹೊರಗೆ ಬಂದು ಅಪ್ಪನನ್ನು ಕೇಳಿದರು:

"ಗಾಡಿ ಒಳಗ ನೋಡೀನಿ ಅಂದಿದ್ಯಲ್ಲ, ಬೀರಪ್ಪ?"

ಅಪ್ಪ ನೆಲ ನೋಡಿದ. ಸಾಬರು ಇನ್ನೊಂದು ಸಲ ಕೇಳಲಿಲ್ಲ. ಗುಡ್ಡಕ್ಕೆ ತಿರುಗಿ ಬಂದಾಗ ಹಗ್ಗದ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರು, ಕುಡಗೋಲಿನಿಂದ ಕೊಯ್ದದ್ದು ಎಂದು ಯಾರಿಗಾದರೂ ತಿಳಿಯುವಂತಿತ್ತು. ಹಗ್ಗ ಸವೆದು ಹರೀತು, ತೋಪು ನಿಂತ್ವು, ಮ್ಯಾಲಿನವರಿಗೆ ಅಷ್ಟೇ ನಾ ಹೇಳ್ತೀನಿ, ಅಂದರು. ಆಮೇಲೆ, ನಾಳಿಂದ ಝಂಡಾ ನಿಮ್ಮ ಮನ್ಯಾಗ ಇರೂದು ಬ್ಯಾಡ, ಅಂದರು. ತಾವೇ ಮಡಚಿ ಕುದುರೆಯ ಮೇಲೆ ಇಟ್ಟುಕೊಂಡು ಹೋದರು.

ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಹಟ್ಟಿಯೆಲ್ಲ ನೆರೆದಿತ್ತು. ಕಾಕಾ ಗೋಡೆಗೆ ಒರಗಿ ಕೂತಿದ್ದ, ಕಿವಿಗೆ ಅರಿವೆ ತುರುಕಿದ್ದರು. ಅಪ್ಪ ಕೇಳಿದ, ಯಾರು ಕಳಿಸಿದ್ದು. ಅವ್ವ, ನಾನು, ಅಂದಳು. ಕಾಕಿ ಕಾಕಾನ ಮಗ್ಗುಲಿನಿಂದ ಎದ್ದು ಅವ್ವನ ಮುಂದೆ ನಿಂತಳು.

"ನಿನ್ನ ರೊಟ್ಟಿ ಸಲುವಾಗಿ ನನ್ನ ಗಂಡನ್ನ ಕೊಲ್ಲಾಕ ಕಳಿಸಿದಿ, ಅಕ್ಕಾ. ಭಾವ ಹಗ್ಗ ಕೊಯ್ಯದಿದ್ರ ನಾ ಇವತ್ತು ಮುಂಡಿ ಆಗಿರ್ತಿದ್ದೆ."

ಎಲ್ಲರೂ ಅಪ್ಪನ ಕಡೆ ನೋಡಿದರು. ಸಾಬರ ಎದುರಿಗೆ, ಸರಕಾರದ ಹಗ್ಗಕ್ಕೆ ಕುಡಗೋಲು ಹಾಕಿದ ಗಂಡಸು! ತಮ್ಮನ ಸಲುವಾಗಿ ಝಂಡಾವನ್ನೇ ಕಳೆದುಕೊಂಡವನು! ಆ ಮಾತು ಅವತ್ತೇ ಹಟ್ಟಿ ಬಿಟ್ಟು ದೋರನಹಳ್ಳಿಗೆ ಹೋಯಿತು. ಅಪ್ಪ ತಲೆ ಎತ್ತಲಿಲ್ಲ. ನಾನು ಅವನ ಮಗ್ಗುಲಲ್ಲೇ ಕೂತಿದ್ದೆ. ಅವನು ಬಿಗಿ ಹಿಡಿದಿದ್ದ ನನ್ನ ಮಣಿಕಟ್ಟು ಇನ್ನೂ ಕೆಂಪಗಿತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ಎದ್ದು ಕುರಿಯ ಕಡೆ ಹೋದ.

ಮರುದಿನ ಕಾಕಿ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಮೂರು ಕಲ್ಲು ಇಟ್ಟು ಬೇರೆ ಒಲೆ ಹೂಡಿದಳು. ಅವ್ವ ಮಾಡಿದ್ದನ್ನು ತಾನೂ ಮುಟ್ಟಲಿಲ್ಲ, ಕಾಕಾನಿಗೂ ಮುಟ್ಟಗೊಡಲಿಲ್ಲ. ಕಾಕಾ ಬೀದಿಯಲ್ಲಿ ನಿಂತು, ಯಾರೂ ಕಳಿಸಿಲ್ಲ, ನಾನಾ ಹೋಗಿದ್ದೆ, ಎಂದು ಕಿರುಚಿ ಹೇಳುತ್ತಿದ್ದ. ದನಿ ಎಷ್ಟು ಏರಿಸಿದ್ದೇನೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಪಾಪ, ವೈನಿಯ ಮ್ಯಾಲ ಜೀವ, ಎಂದು ಜನ ಅಂದರು. ಅವನು ಹಾಡುವುದನ್ನು ಬಿಡಲಿಲ್ಲ. ರಾಗ ಎಲ್ಲೆಲ್ಲೋ ಹೋಗುತ್ತಿತ್ತು, ಹಟ್ಟಿಯ ಮಕ್ಕಳು ನಗುತ್ತಿದ್ದರು. ಕಾಕಿ ಬೀಸುವ ಕಲ್ಲು ನಿಲ್ಲಿಸಿ ಮೊದಲಿನ ಹಾಗೆಯೇ ಕೇಳುತ್ತಿದ್ದಳು. ಒಂದು ತಿಂಗಳಿಗೆ ಅವ್ವ ಹಡೆದಳು. ಆಯಿಗೆ ಕೈ ನಡುಗುತ್ತಿತ್ತು, ಕಾಕಿಯೇ ಬಂದು ಕೂಸಿಗೆ ಎರೆದಳು, ಹೊಗೆ ಹಾಕಿದಳು, ಬಾಣಂತಿಯ ಅರಿವೆ ಒಗೆದಳು. ಅವ್ವ ನೀರಿನ ತಂಬಿಗೆ ಮುಂದೆ ಮಾಡಿದರೆ ಮುಟ್ಟದೆ ತನ್ನ ಮೂಲೆಗೆ ಹೋಗಿ ತನ್ನ ಗಡಿಗೆಯ ನೀರು ಕುಡಿದಳು. ಒಂದು ಮನೆಯಲ್ಲಿ ಎರಡು ಹೊಗೆ. ಆ ಎರಡು ಒಲೆಗಳ ನಡುವೆ ಕೆಂಡ, ಉಪ್ಪು, ಸುದ್ದಿ ಒಯ್ಯುವುದು ನನ್ನ ಕೆಲಸವಾಯಿತು. ಏನನ್ನು ಒಯ್ಯಬೇಕು, ಏನನ್ನು ದಾರಿಯಲ್ಲೇ ಬಿಟ್ಟುಬಿಡಬೇಕು ಎಂಬುದನ್ನು ನಾನು ಅಲ್ಲಿ ಕಲಿತೆ. ಇವತ್ತಿಗೂ ಯಾರಾದರೂ ಏನಾದರೂ ಕೇಳಿದರೆ ಉತ್ತರಕ್ಕೆ ಮುಂಚೆ ನಾನು ಒಂದು ಗಳಿಗೆ ಸುಮ್ಮನಿರುತ್ತೇನೆ. ನನ್ನ ಮಕ್ಕಳು ಅದನ್ನು ಗರ್ವ ಅಂದುಕೊಂಡಿದ್ದಾರೆ.

ಅವ್ವನ ಮೇಲೆ ಬೈಗುಳ ಬಿದ್ದಾಗಲೆಲ್ಲ ನನಗೆ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಮುಂದಿನ ಮಳೆಗಾಲದಲ್ಲಿ ಒಂದು ದಿನ ಅಪ್ಪ ನನ್ನನ್ನು ಕುರಿಯ ಹಿಂದೆ ಕರೆದುಕೊಂಡು ಹೋದ. ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿದು ನನ್ನ ಕೈಗೆ ಕೊಡುತ್ತ, ಬೇರೆ ಕಡೆ ನೋಡುತ್ತ ಕೇಳಿದ:

"ಭೀಮಿ, ಅವತ್ತು ನೀ ನನಗ ಹೇಳಿದ ಮ್ಯಾಲ ತೋಪು ಹಾರಿತ್ತೇನು?"

ಅವನು ವರ್ಷದೊಳಗೆ ಮುದುಕನಾಗಿದ್ದ. ಅವನು ಯಾವ ಉತ್ತರಕ್ಕೆ ಕಾಯುತ್ತಿದ್ದಾನೆ ಎಂದು ನನಗೆ ತಿಳಿದುಬಿಟ್ಟಿತು.

"ಇಲ್ಲಪ್ಪ. ನಾ ಹೇಳೂದರಾಗ ನೀ ಹಗ್ಗ ಕೊಯ್ದಿ."

ಅಪ್ಪ ಹೂಂ ಅಂದ. ಬುತ್ತಿಯ ಅರಿವೆ ತಾನೇ ಮಡಚಿ ಎದ್ದ. ತನ್ನ ಪಾಲಿನ ರೊಟ್ಟಿಯನ್ನು ಅವನು ತಿಂದಿರಲಿಲ್ಲ. ಆಮೇಲೆ ಅವನು ಬದುಕಿರುವ ತನಕ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ನಿಜಾಮರ ಆಳಿಕೆ ಹೋಯಿತು. ನನ್ನನ್ನು ಸುರಪುರಕ್ಕೆ ಕೊಟ್ಟರು. ಆಯಿ ಹೋದಳು, ಎಷ್ಟೋ ವರ್ಷದ ಮೇಲೆ ಅಪ್ಪನೂ ಹೋದ. ಅವನ ಮೊದಲ ವರ್ಷದ ಕಾರ್ಯಕ್ಕೆಂದು ನಾನು ತವರಿಗೆ ಬಂದಿದ್ದೆ. ಅವ್ವನಿಗೆ ಕಣ್ಣು ಮಂಜಾಗಿತ್ತು. ಅಂಗಳದಲ್ಲಿ ಕೂತು ಅವಳ ತಲೆಗೆ ಎಣ್ಣೆ ತಿಕ್ಕುತ್ತಿದ್ದೆ. ಅಪ್ಪ ಇಲ್ಲವಾದ ಮೇಲೆ ಇನ್ನು ಯಾರ ಹಂಗು ಎಂದು ಧೈರ್ಯ ಮಾಡಿದೆ.

"ಅವ್ವ, ನಿನಗೊಂದು ಹೇಳೂದದ. ಅವತ್ತು ನಾ ಗುಡ್ಡ ಹತ್ತಿದ ಮ್ಯಾಲ..."

"ಒಂದು ಹಾರಿತು," ಅಂದಳು ಅವ್ವ.

ನನ್ನ ಕೈ ಅವಳ ನೆತ್ತಿಯ ಮೇಲೆಯೇ ನಿಂತಿತು.

"ನಾ ಇಲ್ಲೇ ನಿಂತಿದ್ದೆ. ನೀ ಅವರ ಕಿವ್ಯಾಗ ಹೇಳಿದ್ದೂ ಕಾಣ್ತು, ಅವರು ನಿನ್ನ ಕೈ ಹಿಡಿದಿದ್ದೂ ಕಾಣ್ತು. ಝಂಡಾ ಮ್ಯಾಲೇ ಇತ್ತು. ಎಷ್ಟು ಹೊತ್ತಂತಿ! ಅಷ್ಟರಾಗ ನಾ ಎರಡು ರೊಟ್ಟಿ ಬಡೀತಿದ್ದೆ. ಆಮ್ಯಾಲ ಹಾರಿತು."

"ಮತ್ಯಾಕ ಬಾಯಿ ಬಿಡಲಿಲ್ಲ? ಇಷ್ಟು ವರ್ಷ ಕಾಕಿ ನಿನ್ನ ಕೈ ನೀರು ಮುಟ್ಟಲಿಲ್ಲಲ್ಲವ್ವ."

"ನನ್ನ ಮ್ಯಾಲ ಸಿಟ್ಟಾದ್ಲು, ಬ್ಯಾರೆ ಒಲಿ ಹೂಡಿದ್ಲು. ಅಷ್ಟರಾಗ ಮುಗೀತು. ನಿಮ್ಮಪ್ಪನ ಮ್ಯಾಲ ಬಂದಿದ್ರ ಅಣ್ಣತಮ್ಮ ಬ್ಯಾರೆ ಆಗ್ತಿದ್ರು. ಕುರಿ ಹಂಚ್ಕೋತಿದ್ರು, ಮನಿ ಹಂಚ್ಕೋತಿದ್ರು. ಕಿವಿ ಹೋದ ಹುಡುಗ ಬ್ಯಾರೆ ಹೋಗಿ ಹೆಂಗ ಬದುಕ್ತಿದ್ದ? ಮತ್ತ ಕಳಿಸಿದಾಕಿ ನಾನಾ. ಸುಳ್ಳು ಏನಿತ್ತು ಅದರಾಗ?" ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿ, "ನೀ ಯಾರಿಗೂ ಹೇಳಬ್ಯಾಡ. ತಿಕ್ಕು," ಅಂದಳು.

ಹೊತ್ತು ಇಳಿಯುವ ಹೊತ್ತಿಗೆ ಕಾಕಿ ಹಣತೆ ಹಿಡಿದುಕೊಂಡು ಪಡಸಾಲೆಯಿಂದ ಹೊರಗೆ ಬಂದಳು. ಹಿತ್ತಲಾಚೆ ಅಪ್ಪನನ್ನು ಮಣ್ಣು ಮಾಡಿದಲ್ಲಿ ಒಂದು ಕಲ್ಲು ನಿಲ್ಲಿಸಿದ್ದರು. ಪ್ರತಿ ಅಮಾಸಿಗೂ ಅಲ್ಲಿ ದೀಪ ಹಚ್ಚುವವಳು ಅವಳೇ ಅಂತೆ, ಮನೆಯ ಬೇರೆ ಯಾರಿಗೂ ಬಿಡುವುದಿಲ್ಲವಂತೆ. ಬಾ ಭೀಮಿ, ಎಣ್ಣಿ ಹಿಡಿ, ಎಂದು ನನ್ನನ್ನು ಕರೆದಳು. ಹೋದೆ. ಅವಳು ಕಲ್ಲಿಗೆ ನೀರು ಹಾಕಿ ತೊಳೆದಳು, ಸೆರಗಿನಿಂದ ಒರೆಸಿದಳು, ಭಂಡಾರ ಹಚ್ಚಿದಳು. ಹಟ್ಟಿಯ ಕಡೆಯಿಂದ ಕಾಕಾ ಕುರಿ ಕೂಡಿಸುತ್ತ ಹಾಡುವುದು ಕೇಳುತ್ತಿತ್ತು, ರಾಗ ಇಲ್ಲದ ದೊಡ್ಡ ದನಿ. ಕಾಕಿ ಅದನ್ನು ಕೇಳುತ್ತ ಬತ್ತಿ ಹೊಸೆದಳು. ಮುಖ ಎತ್ತಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು.

"ಅವತ್ತು ನಿಮ್ಮಪ್ಪ ಒಂದು ಗಳಿಗಿ ತಡಾ ಮಾಡಿದ್ರ ಈ ದನಿ ನನಗೆಲ್ಲಿ ಇರ್ತಿತ್ತು, ಭೀಮಿ? ನೀ ಅಲ್ಲೇ ಇದ್ದಿ. ಕಣ್ಣಾರೆ ಕಂಡಾಕಿ."

"ಹೌದು ಕಾಕಿ," ಅಂದೆ. ಹಣತೆಗೆ ಎಣ್ಣೆ ಹಾಕಿದೆ.